ನೆಲವೇ ಡೊಂಕಾದಾಗ: ಬಾಂಬು ಗುರಿ ತಪ್ಪಿದರೆ ಎತ್ತರದ ದೋಷವನ್ನು ಹಿಡಿಯುವ ಬಗೆ

ಫ್ಲೈಟ್ ಸಿಮ್ಯುಲೇಟರ್ ಹುಚ್ಚಿರುವ ಶಿವಮೊಗ್ಗದ ಹುಡುಗನೊಬ್ಬ ಒಂದು ರಾತ್ರಿ ಫೋನ್ ಮಾಡಿದ. ಬೆಟ್ಟಗಳ ನಕ್ಷೆಯಲ್ಲಿ ನಿಕಟ ವಾಯು ಬೆಂಬಲದ ಅಭ್ಯಾಸ ಮಾಡುತ್ತಿದ್ದನಂತೆ. ಅಂದರೆ ನೆಲದ ಮೇಲೆ ನಮ್ಮ ಸೈನಿಕರು ಶತ್ರುವಿಗೆ ತೀರ ಹತ್ತಿರದಲ್ಲಿರುವಾಗ, ಅವರು ಹೇಳಿದ ಜಾಗಕ್ಕೆ ವಿಮಾನದಿಂದ ಬಾಂಬು ಹಾಕುವ ಕೆಲಸ.

"ಸರ್, ಜಾಯ್‌ಸ್ಟಿಕ್ ಕೆಟ್ಟಿದೆಯೋ ಸಾಫ್ಟ್‌ವೇರ್ ಕೆಟ್ಟಿದೆಯೋ ತಿಳಿಯುತ್ತಿಲ್ಲ. ಗುರಿಯ ಸ್ಥಾನಾಂಕವನ್ನು, ಅಂದರೆ ನಕ್ಷೆಯ ಮೇಲೆ ಅದರ ಜಾಗ ಹೇಳುವ ಅಂಕಿಗಳನ್ನು, ಕಂಪ್ಯೂಟರಿಗೆ ತುಂಬಿ ಹಾಕಿದ ಬಾಂಬುಗಳೆಲ್ಲ ಗುರಿಗಿಂತ ನೂರು ಮೀಟರ್‌ಗೂ ಹೆಚ್ಚು ಈಚೆ ಬೀಳುತ್ತವೆ. ಅದೇ ಗುರಿಗೆ ಕಣ್ಣಿಟ್ಟು ಹಾಕಿದರೆ ಐವತ್ತು ಅರವತ್ತು ಮೀಟರ್ ಆಚೆ ಬೀಳುತ್ತವೆ."

ಒಂದು ವಿಧಾನದಲ್ಲಿ ಈಚೆ, ಇನ್ನೊಂದರಲ್ಲಿ ಆಚೆ. ಎರಡು ಬೇರೆ ದೋಷಗಳೆಂದು ಅವನು ಎರಡು ದಿನ ಹುಡುಕಿದ್ದ. ಜಾಯ್‌ಸ್ಟಿಕ್ಕನ್ನು ಬಿಚ್ಚಿ ಜೋಡಿಸಿದ್ದ, ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಗುರಿಯ ಎತ್ತರ ಎಷ್ಟೆಂದು ತುಂಬಿದ್ದೀಯ?" ಅವನು 7,900 ಅಡಿ ಎಂದ. ಆ ಸಂಖ್ಯೆ ಬೆಟ್ಟದ ಬುಡದಲ್ಲಿದ್ದ ಹಳ್ಳಿಯದು. ಗುರಿಯಾದ ಬಂಕರ್ ಇದ್ದದ್ದು ಬೆಟ್ಟದ ಹೆಗಲಿನ ಸಮತಟ್ಟಿನ ಮೇಲೆ, 8,300 ಅಡಿಯಲ್ಲಿ. 400 ಅಡಿಯ ಒಂದೇ ತಪ್ಪು ಎರಡೂ ಕಡೆ ಆಟವಾಡಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಈ ಕೆಲಸದಲ್ಲಿ ಮಾತ್ರ ನಿಜವಾಗಿಯೂ ನೆಲ ಡೊಂಕಾಗಿರುತ್ತದೆ. ಎಷ್ಟು ಡೊಂಕು ಎಂದು ಕಂಪ್ಯೂಟರಿಗೆ ಸರಿಯಾಗಿ ಹೇಳದಿದ್ದರೆ ಕುಣಿತ ಎಷ್ಟೇ ಚೆನ್ನಾಗಿದ್ದರೂ ಹೆಜ್ಜೆ ತಪ್ಪುತ್ತದೆ.

ಮೊದಲು ಲಕ್ಷಣವನ್ನು ಸರಿಯಾಗಿ ನೋಡಿ

ಬಾಂಬು ಬಿದ್ದ ಜಾಗವನ್ನು ಉತ್ತರ, ದಕ್ಷಿಣ ಎಂದು ಬರೆದುಕೊಳ್ಳಬೇಡಿ. ವಿಮಾನ ಬಂದ ದಾರಿಯ ಲೆಕ್ಕದಲ್ಲಿ ಬರೆದುಕೊಳ್ಳಿ. ಗುರಿ ತಲುಪುವ ಮೊದಲೇ ಬಿದ್ದರೆ ಈಚೆ, ಗುರಿಯನ್ನು ದಾಟಿ ಬಿದ್ದರೆ ಆಚೆ, ಪಕ್ಕಕ್ಕೆ ಬಿದ್ದರೆ ಎಡ ಅಥವಾ ಬಲ. ಎತ್ತರದ ತಪ್ಪು ಬಾಂಬನ್ನು ಎಡಕ್ಕೂ ತಳ್ಳುವುದಿಲ್ಲ, ಬಲಕ್ಕೂ ತಳ್ಳುವುದಿಲ್ಲ. ಬಂದ ದಾರಿಯ ಗೆರೆಯ ಮೇಲೆಯೇ ಹಿಂದೆ ಮುಂದೆ ಮಾಡುತ್ತದೆ. ಹೀಗಾಗಿ ಬಾಂಬು ಪಕ್ಕಕ್ಕೆ ಬೀಳುತ್ತಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಗಾಳಿಯನ್ನೋ ರೆಕ್ಕೆಯ ಓರೆಯನ್ನೋ ನೋಡಿ.

ಎರಡನೆಯ ಪರೀಕ್ಷೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದಕ್ಕೆ ಯಾವ ಲೆಕ್ಕವೂ ಬೇಡ. ಅದೇ ಗುರಿಗೆ ಎದುರು ದಿಕ್ಕಿನಿಂದ ಬನ್ನಿ. ಮೊದಲು ಉತ್ತರಕ್ಕೆ ಹಾರುತ್ತಾ ಹಾಕಿದ್ದರೆ ಈಗ ದಕ್ಷಿಣಕ್ಕೆ ಹಾರುತ್ತಾ ಹಾಕಿ. ಎರಡು ಸಲವೂ ಬಾಂಬು ನಕ್ಷೆಯ ಮೇಲೆ ಗುರಿಯ ಒಂದೇ ಬದಿಗೆ ಬಿದ್ದರೆ ಸ್ಥಾನಾಂಕ ತಪ್ಪಿದೆ ಅಥವಾ ಗಾಳಿಯ ಲೆಕ್ಕ ತಪ್ಪಿದೆ. ಎರಡು ಸಲವೂ ನಿಮ್ಮ ಲೆಕ್ಕದಲ್ಲಿ ಈಚೆಯೇ ಬಿದ್ದರೆ, ಅಂದರೆ ನಕ್ಷೆಯ ಮೇಲೆ ಬದಿ ಬದಲಾದರೆ, ದೋಷ ಎತ್ತರದ್ದು. ಎತ್ತರಕ್ಕೆ ದಿಕ್ಕು ಗೊತ್ತಿಲ್ಲ, ನೀವು ಎಲ್ಲಿಂದ ಬಂದಿರೋ ಅದೇ ಅದಕ್ಕೆ ಮುಂದು.

ವಿಮಾನದ ಗನ್ ಕೂಡ ಒಳ್ಳೆಯ ಸಾಕ್ಷಿ. ಗನ್ನಿನ ಗುಂಡು ಹೆಚ್ಚುಕಡಿಮೆ ನೋಟದ ಗೆರೆಯಲ್ಲೇ ಹೋಗುತ್ತದೆ. ಆದ್ದರಿಂದ ಎತ್ತರದ ತಪ್ಪು ಅದಕ್ಕೆ ತಾಗುವುದೇ ಇಲ್ಲ ಎನ್ನಬಹುದು. ಗುಂಡು ಕಣ್ಣಿಟ್ಟ ಕಡೆ ಬೀಳುತ್ತಿದ್ದು ಬಾಂಬು ಮಾತ್ರ ತಪ್ಪುತ್ತಿದ್ದರೆ ಕಣ್ಣೂ ಸರಿ, ಕೈಯೂ ಸರಿ. ಕಂಪ್ಯೂಟರಿನ ನೆಲ ಸರಿಯಿಲ್ಲ.

ಒಂದೇ ತಪ್ಪು, ಎರಡು ಕಡೆ

ಹುಡುಗನನ್ನು ಗೊಂದಲಕ್ಕೆ ದೂಡಿದ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ತಾರಸಿಯ ಮೇಲೆ ನಿಂತು ಅಂಗಳದ ಒಂದು ಜಾಗಕ್ಕೆ ಚೆಂಡು ಎಸೆಯುತ್ತೀರಿ ಎಂದುಕೊಳ್ಳಿ. ಎಷ್ಟು ಬಲವಾಗಿ ಎಸೆಯಬೇಕು ಎಂದು ಲೆಕ್ಕ ಹಾಕಿದ್ದು ಅಂಗಳದ ಮಟ್ಟಕ್ಕೆ. ಆದರೆ ಆ ಜಾಗದಲ್ಲಿ ಒಂದು ಅಗಲವಾದ ಕಟ್ಟೆ ಇದೆ. ಚೆಂಡು ಅಂಗಳಕ್ಕೆ ಇಳಿಯುವ ಮೊದಲೇ ಕಟ್ಟೆಗೆ ಬಡಿಯುತ್ತದೆ. ಅಂದುಕೊಂಡದ್ದಕ್ಕಿಂತ ಈಚೆ. ಸ್ಥಾನಾಂಕ ತುಂಬಿ ಬಾಂಬು ಹಾಕುವಾಗ ಆಗುವುದು ಇದೇ. ಗುರಿ ನಿಜಕ್ಕೂ ಎತ್ತರದಲ್ಲಿದ್ದು ನೀವು ತಗ್ಗು ಎಂದು ಹೇಳಿದ್ದರೆ ಬಾಂಬು ಈಚೆ ಬೀಳುತ್ತದೆ.

ಎಷ್ಟು ಈಚೆ ಎನ್ನುವುದು ಬಾಂಬು ನೆಲಕ್ಕೆ ಬಡಿಯುವ ಕೋನದ ಮೇಲೆ ನಿಂತಿದೆ. 45 ಡಿಗ್ರಿಯಲ್ಲಿ ಬಡಿದರೆ ಎತ್ತರದಲ್ಲಿ ಎಷ್ಟು ತಪ್ಪೋ ದೂರದಲ್ಲೂ ಅಷ್ಟೇ ತಪ್ಪು. 100 ಅಡಿ, ಅಂದರೆ ಸುಮಾರು 30 ಮೀಟರ್ ಎತ್ತರ ತಪ್ಪಿದರೆ 45 ಡಿಗ್ರಿಯಲ್ಲಿ 30 ಮೀಟರ್, 30 ಡಿಗ್ರಿಯಲ್ಲಿ 53 ಮೀಟರ್, 10 ಡಿಗ್ರಿಯ ಚಪ್ಪಟೆ ಹೊಡೆತದಲ್ಲಿ 170 ಮೀಟರ್ ದಾಟುತ್ತದೆ. ಬಹುತೇಕ ನೇರವಾಗಿ, 80 ಡಿಗ್ರಿಯಲ್ಲಿ ಇಳಿದರೆ 5 ಮೀಟರ್ ಚಿಲ್ಲರೆ. ಜಿಪಿಎಸ್ ಬಾಂಬುಗಳನ್ನು ಆದಷ್ಟು ಕಡಿದಾಗಿ ಇಳಿಸಲು ನೋಡುವುದಕ್ಕೆ ಇದೂ ಒಂದು ಕಾರಣ. ಹುಡುಗನ ಬಾಂಬುಗಳು ಸುಮಾರು 45 ಡಿಗ್ರಿಯಲ್ಲಿ ಇಳಿಯುತ್ತಿದ್ದವು. 400 ಅಡಿ ಎಂದರೆ 122 ಮೀಟರ್. "ನೂರು ಮೀಟರ್‌ಗೂ ಹೆಚ್ಚು" ಎಂದು ಅವನು ಹೇಳಿದ್ದು ಅಲ್ಲಿಗೆ ಕೂತಿತು.

ಇನ್ನು ಕಣ್ಣಿಟ್ಟು ಹಾಕುವ ವಿಧಾನ. ಸಿಸಿಐಪಿ ಎಂದು ಕರೆಯುವ ಇದರಲ್ಲಿ, ಈ ಕ್ಷಣ ಬಾಂಬು ಬಿಟ್ಟರೆ ಎಲ್ಲಿ ಬೀಳುತ್ತದೆ ಎಂಬುದನ್ನು ಕಂಪ್ಯೂಟರ್ ಪೈಲಟ್‌ನ ಎದುರು ಗಾಜಿನ ಮೇಲೆ ಒಂದು ಚುಕ್ಕೆಯಾಗಿ ತೋರಿಸುತ್ತದೆ. ಚುಕ್ಕೆ ಗುರಿಯ ಮೇಲೆ ಬಂದಾಗ ಗುಂಡಿ ಒತ್ತಬೇಕು. ಕಂಪ್ಯೂಟರ್ ನೆಲವನ್ನು 400 ಅಡಿ ತಗ್ಗಿನಲ್ಲಿದೆ ಎಂದು ನಂಬಿದ್ದರೆ, ಅದರ ಚುಕ್ಕೆ ಸೂಚಿಸುವ ಬಿಂದು ನಿಜವಾದ ನೆಲದೊಳಗೆ, ಗುರಿಯನ್ನು ದಾಟಿ ಆಚೆ ಹೂತಿರುತ್ತದೆ. ನಿಮ್ಮ ನೋಟದ ಗೆರೆ ಗುರಿಯ ಮೂಲಕ ಹಾದು ಆ ಬಿಂದುವಿಗೆ ಹೋಗುತ್ತದೆ. ಬಾಂಬು ಬಾಗಿದ ದಾರಿಯಲ್ಲಿ, ನೋಟದ ಗೆರೆಗಿಂತ ಮೇಲಿನಿಂದ ಬಂದು ಅದೇ ಬಿಂದುವನ್ನು ಸೇರಲು ಹೊರಟಿರುತ್ತದೆ. ನಡುವೆ ನಿಜವಾದ ನೆಲ ಸಿಗುತ್ತದೆ. ಅಲ್ಲಿ ಬಾಂಬು ನೋಟದ ಗೆರೆಗಿಂತ ಇನ್ನೂ ಮೇಲಿರುವುದರಿಂದ ಗುರಿಯನ್ನು ದಾಟಿಯೇ ನೆಲಕ್ಕೆ ಬಡಿಯುತ್ತದೆ. ಅಂದರೆ ಆಚೆ.

ಕಾಗದದ ಮೇಲೆ ಮೂರು ಗೆರೆ ಎಳೆದು ನೋಡಿ. ಮಾತಿನಲ್ಲಿ ತೊಡಕೆನಿಸಿದ್ದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ನಾನೂ ಮೊದಲ ಸಲ ನಂಬಿರಲಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದ ಮೇಲೆಯೇ ನಂಬಿದ್ದು.

ಇಲ್ಲಿ ತಪ್ಪಿನ ಅಳತೆ ನೋಟದ ಕೋನಕ್ಕೂ ಬಾಂಬು ಇಳಿಯುವ ಕೋನಕ್ಕೂ ಇರುವ ಅಂತರವನ್ನು ಅವಲಂಬಿಸಿದೆ. ಹುಡುಗ 20 ಡಿಗ್ರಿಯ ಸೌಮ್ಯವಾದ ಇಳಿಜಾರಿನಲ್ಲಿ ಬರುತ್ತಿದ್ದ. ಬಾಂಬು ಬಿಡುವಾಗ ಗುರಿ ಅವನ ದೃಷ್ಟಿಗೆ ಸುಮಾರು 29 ಡಿಗ್ರಿ ಕೆಳಗಿತ್ತು, ಬಾಂಬು ಸುಮಾರು 36 ಡಿಗ್ರಿಯಲ್ಲಿ ಬಡಿಯುತ್ತಿತ್ತು. ಲೆಕ್ಕ ಹಾಕಿದರೆ 55 ಮೀಟರ್ ಆಸುಪಾಸು ಬರುತ್ತದೆ. ಕಡಿದಾಗಿ ಇಳಿದು ಬಂದರೆ ಎರಡು ಕೋನಗಳೂ ಹತ್ತಿರವಾಗಿ ತಪ್ಪು ಕುಗ್ಗುತ್ತದೆ. ಸಮತಲದಲ್ಲಿ ಹಾರುತ್ತಾ ಬಿಟ್ಟರೆ ದೊಡ್ಡದಾಗುತ್ತದೆ.

ಆದ್ದರಿಂದ ಲಕ್ಷಣವನ್ನು ವಿಧಾನದ ಜೊತೆಗೇ ಓದಬೇಕು. ಸ್ಥಾನಾಂಕದ ಬಾಂಬು ಈಚೆ, ಕಣ್ಣಿನ ಬಾಂಬು ಆಚೆ: ತುಂಬಿದ ಎತ್ತರ ನಿಜಕ್ಕಿಂತ ಕಡಿಮೆ. ಇದಕ್ಕೆ ತಿರುವುಮುರುವಾದರೆ ತುಂಬಿದ ಎತ್ತರ ನಿಜಕ್ಕಿಂತ ಹೆಚ್ಚು. ಎರಡೂ ಒಂದೇ ಕಡೆ ಬಿದ್ದರೆ ಎತ್ತರವನ್ನು ಬಿಟ್ಟು ಬೇರೆ ಏನನ್ನಾದರೂ ಹುಡುಕಿ.

ಗುರಿಯದೋ, ವಿಮಾನದ್ದೋ

ಕಂಪ್ಯೂಟರಿಗೆ ಬೇಕಾದದ್ದು ಗುರಿಯ ಎತ್ತರವೂ ಅಲ್ಲ, ವಿಮಾನದ ಎತ್ತರವೂ ಅಲ್ಲ, ಎರಡರ ನಡುವಿನ ಅಂತರ. ವಿಮಾನದ ಎತ್ತರಮಾಪಕ ಹೆಚ್ಚು ತೋರಿಸಿದರೂ ಗುರಿಯ ಎತ್ತರವನ್ನು ಕಡಿಮೆ ತುಂಬಿದರೂ ಬಾಂಬಿನ ಮಟ್ಟಿಗೆ ಒಂದೇ. ಬೇರ್ಪಡಿಸುವ ಉಪಾಯ ಸುಲಭ: ಎತ್ತರ ಖಚಿತವಾಗಿ ಗೊತ್ತಿರುವ ಇನ್ನೊಂದು ಗುರಿಗೆ ಹಾಕಿ ನೋಡುವುದು. ವಿಮಾನ ನಿಲ್ದಾಣದ ರನ್‌ವೇ ಎಲ್ಲಕ್ಕಿಂತ ಒಳ್ಳೆಯದು, ಅದರ ಎತ್ತರ ಅಚ್ಚಾಗಿ ಸಿಗುತ್ತದೆ. ಅಲ್ಲಿಯೂ ಅಷ್ಟೇ ತಪ್ಪಿದರೆ ದೋಷ ವಿಮಾನದ್ದು. ಅಲ್ಲಿ ಸರಿಯಾಗಿ ಬಿದ್ದರೆ ಬೆಟ್ಟದ ಸಂಖ್ಯೆಯೇ ಕಳ್ಳ.

ದೋಷ ವಿಮಾನದ್ದಾದರೆ ಮೊದಲು ಎತ್ತರಮಾಪಕಕ್ಕೆ ಹೊಂದಿಸುವ ಸಮುದ್ರಮಟ್ಟದ ಒತ್ತಡದ ಸಂಖ್ಯೆಯಾದ ಕ್ಯೂಎನ್‌ಎಚ್ ನೋಡಿ. ಗಾಳಿಯ ಒತ್ತಡವನ್ನು 10 ಹೆಕ್ಟೋಪಾಸ್ಕಲ್ ಹೆಚ್ಚಿಗೆ ಹೊಂದಿಸಿದ್ದರೆ ಎತ್ತರಮಾಪಕ ಸುಮಾರು 280 ಅಡಿ ಹೆಚ್ಚು ತೋರಿಸುತ್ತದೆ. ಆಮೇಲೆ ಉಷ್ಣಾಂಶ. ಒತ್ತಡದ ಎತ್ತರಮಾಪಕ ಪ್ರಮಾಣಿತ ಹವೆಯನ್ನು ನಂಬಿ ಕುಳಿತಿರುತ್ತದೆ. ಹವೆ ಅದಕ್ಕಿಂತ 10 ಡಿಗ್ರಿ ಬೆಚ್ಚಗಿದ್ದರೆ ನಿಜವಾದ ಎತ್ತರ ಸುಮಾರು ನೂರಕ್ಕೆ ನಾಲ್ಕರಷ್ಟು ಹೆಚ್ಚು, ತಣ್ಣಗಿದ್ದರೆ ಅಷ್ಟೇ ಕಡಿಮೆ. ಈ ಶೇಕಡಾವಾರು ಲೆಕ್ಕ ಒತ್ತಡ ಅಳೆದ ನಿಲ್ದಾಣದಿಂದ ಮೇಲಕ್ಕೆ. ಶ್ರೀನಗರದ ವಿಮಾನ ನಿಲ್ದಾಣ ಸುಮಾರು 5,400 ಅಡಿಯಲ್ಲಿದೆ. ಅಲ್ಲಿನ ಒತ್ತಡ ಹೊಂದಿಸಿಕೊಂಡು 18,000 ಅಡಿಯಲ್ಲಿ ಹಾರುವವನಿಗೆ 10 ಡಿಗ್ರಿಯ ವ್ಯತ್ಯಾಸವೇ 500 ಅಡಿ ತಪ್ಪು ತರುತ್ತದೆ. ಬಯಲುಸೀಮೆಯಲ್ಲಿ 1,500 ಅಡಿ ಮೇಲೆ ಹಾರುವವನಿಗೆ ಇದೇ ತಪ್ಪು 60 ಅಡಿ. ಬಯಲಿನಲ್ಲಿ ಕಲಿತು ಬೆಟ್ಟಕ್ಕೆ ಹೋದವರು ಎಡವುವುದು ಇಂಥ ಕಡೆ.

ರೇಡಾರ್ ಎತ್ತರಮಾಪಕ ಇದೆಯಲ್ಲ ಎನ್ನಬಹುದು. ಅದು ಹೇಳುವುದು ವಿಮಾನದ ಹೊಟ್ಟೆಯ ಕೆಳಗಿನ ನೆಲದ ಕತೆಯನ್ನು, ಎರಡು ಕಿಲೋಮೀಟರ್ ಮುಂದಿರುವ ಗುರಿಯ ಕತೆಯನ್ನಲ್ಲ. ಕಣಿವೆಯ ಮೇಲೆ ಹಾರುತ್ತಾ ಎದುರಿನ ದಿಬ್ಬಕ್ಕೆ ಬಾಂಬು ಬಿಡುವವನಿಗೆ ಅದು ಕಣಿವೆಯ ಆಳವನ್ನೂ ಸೇರಿಸಿ ಹೇಳುತ್ತದೆ. ಸಮತಟ್ಟಾದ ಮರಳುಗಾಡಿನಲ್ಲಿ ಅದಕ್ಕಿಂತ ಪ್ರಾಮಾಣಿಕ ಉಪಕರಣವಿಲ್ಲ, ಬೆಟ್ಟದಲ್ಲಿ ಅದನ್ನು ನಂಬಿ ಬಾಂಬು ಬಿಡಬಾರದು. ಲೇಸರ್ ದೂರಮಾಪಕ ಇರುವ ವಿಮಾನದಲ್ಲಿ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ, ಅದು ಗುರಿಗೇ ಬೆಳಕು ಬಿಟ್ಟು ದೂರ ಅಳೆಯುತ್ತದೆ. ಲೇಸರ್ ಹಚ್ಚಿದಾಗ ಬಾಂಬು ಸರಿಯಾಗಿ ಬಿದ್ದು, ಆರಿಸಿದಾಗ ತಪ್ಪಿದರೆ ಬೇರೆ ಪುರಾವೆ ಬೇಡ.

ಸಂಖ್ಯೆ ಎಲ್ಲಿಂದ ಬಂತು

ದೋಷ ಗುರಿಯ ಸಂಖ್ಯೆಯದು ಎಂದಾದ ಮೇಲೆ ಅದರ ಹುಟ್ಟೂರು ಹುಡುಕಬೇಕು.

ಅಮೆರಿಕ ಮತ್ತು ನ್ಯಾಟೊ ಪಡೆಗಳ ಪದ್ಧತಿಯಲ್ಲಿ ನೆಲದ ಮೇಲಿನ ನಿಯಂತ್ರಕ ಪೈಲಟ್‌ಗೆ ಒಂಬತ್ತು ಸಾಲಿನ ಸೂಚನೆ ಓದಿ ಹೇಳುತ್ತಾನೆ. ನಾಲ್ಕನೆಯ ಸಾಲು ಗುರಿಯ ಎತ್ತರ, ಸಮುದ್ರಮಟ್ಟದಿಂದ ಅಡಿಗಳಲ್ಲಿ. ಆರನೆಯದು ಗುರಿಯ ಸ್ಥಾನ. ಈ ಎರಡನ್ನೂ, ದಾಳಿಗೆ ಹಾಕಿದ ನಿರ್ಬಂಧಗಳನ್ನೂ ಪೈಲಟ್ ತಿರುಗಿ ಓದಿ ಒಪ್ಪಿಸಲೇಬೇಕು. ಒಂಬತ್ತು ಸಾಲುಗಳಲ್ಲಿ ಇವನ್ನೇ ಆರಿಸಿ ಕಡ್ಡಾಯ ಮಾಡಿದ್ದನ್ನು ನೋಡಿದರೆ ನಾಲ್ಕನೆಯ ಸಾಲಿನ ತೂಕ ತಿಳಿಯುತ್ತದೆ. ಹುಡುಗ ಅದನ್ನು ಓದಿ ಒಪ್ಪಿಸಿರಲಿಲ್ಲ. ಹಿಂದಿನ ಗುರಿಯ, ಅಂದರೆ ಆ ಹಳ್ಳಿಯ, ಎತ್ತರವನ್ನೇ ಉಳಿಸಿಕೊಂಡು ಸ್ಥಾನಾಂಕವನ್ನು ಮಾತ್ರ ಬದಲಿಸಿದ್ದ. ನಾನು ಕಂಡ ಎತ್ತರದ ತಪ್ಪುಗಳಲ್ಲಿ ಇದೇ ಹೆಚ್ಚು.

ಅಡಿ ಮತ್ತು ಮೀಟರಿನ ಗೊಂದಲ ಇನ್ನೊಂದು. ಕಾರ್ಗಿಲ್‌ನಲ್ಲಿ ಹಲವು ಶಿಖರಗಳ ಹೆಸರೇ ಎತ್ತರ, ಅದೂ ಮೀಟರುಗಳಲ್ಲಿ. ಪಾಯಿಂಟ್ 4875 ಎಂದರೆ 15,994 ಅಡಿ. ಟೈಗರ್ ಹಿಲ್ ಪಾಯಿಂಟ್ 5062, ಅಂದರೆ 16,608 ಅಡಿ. ಅಡಿಯ ಖಾನೆಯಲ್ಲಿ 5062 ಎಂದು ತುಂಬಿದರೆ ಹನ್ನೊಂದೂವರೆ ಸಾವಿರ ಅಡಿ ತಪ್ಪುತ್ತದೆ. ಆದರೆ ಇಷ್ಟು ದೊಡ್ಡ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ, ಬಾಂಬು ಬಿದ್ದದ್ದೇ ಕಾಣುವುದಿಲ್ಲ. ಅಪಾಯವಿರುವುದು ನೂರು, ಇನ್ನೂರು, ಮುನ್ನೂರು ಅಡಿಯ ಸಭ್ಯ ತಪ್ಪುಗಳಲ್ಲಿ.

ಅಂಥ ಒಂದು ಸಭ್ಯ ತಪ್ಪನ್ನು ಬೆಂಗಳೂರಿನಲ್ಲಿ ಕುಳಿತೇ ನೋಡಬಹುದು. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜಿಪಿಎಸ್‌ನ ಕಚ್ಚಾ ಎತ್ತರ ತೋರಿಸುವ ಮೊಬೈಲ್ ಆ್ಯಪ್ ತೆರೆದರೆ ಸುಮಾರು 835 ಮೀಟರ್ ಬರುತ್ತದೆ. ಕೆಲವು ಆ್ಯಪ್‌ಗಳು ತಾವೇ ತಿದ್ದಿ ತೋರಿಸುತ್ತವೆ, ಅವುಗಳಲ್ಲಿ ಇದು ಕಾಣುವುದಿಲ್ಲ. ಆ್ಯಪ್ ಕೆಟ್ಟಿಲ್ಲ. ಜಿಪಿಎಸ್ ಅಳೆಯುವುದು ಎಲಿಪ್ಸಾಯ್ಡ್ ಎಂಬ ನಯವಾದ ಗಣಿತದ ಭೂಮಿಯಿಂದ. ಸಮುದ್ರಮಟ್ಟವಾದರೋ ಗುರುತ್ವಾಕರ್ಷಣೆಗೆ ತಕ್ಕಂತೆ ಉಬ್ಬಿ ತಗ್ಗಿದ ಮೇಲ್ಮೈ. ಆ ಮೇಲ್ಮೈಯ ಜಗತ್ತಿನ ಅತಿ ದೊಡ್ಡ ತಗ್ಗು ನಮ್ಮ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ, ಎಲಿಪ್ಸಾಯ್ಡ್‌ಗಿಂತ ನೂರು ಮೀಟರ್‌ಗೂ ಹೆಚ್ಚು ಕೆಳಗೆ. ದಕ್ಷಿಣ ಭಾರತ ಆ ತಗ್ಗಿನ ದಡದಲ್ಲೇ ಇದೆ. ಹೀಗಾಗಿ ಬೆಂಗಳೂರಿನಲ್ಲಿ ಎರಡು ಲೆಕ್ಕಗಳ ನಡುವೆ ಸುಮಾರು 85 ಮೀಟರ್, 280 ಅಡಿ ಅಂತರ.

ಜಿಪಿಎಸ್ ಬಾಂಬು ಒಳಗೊಳಗೆ ಎಲಿಪ್ಸಾಯ್ಡ್ ಲೆಕ್ಕದಲ್ಲೇ ನಡೆಯುತ್ತದೆ, ನಿಯಂತ್ರಕ ಓದುವುದು ಸಮುದ್ರಮಟ್ಟದ ಲೆಕ್ಕ. ನಡುವೆ ಯಾರೋ ಪರಿವರ್ತನೆ ಮಾಡಲೇಬೇಕು, ಅದು ಒಮ್ಮೆ ಮಾತ್ರ ಆಗಬೇಕು. ಒಮ್ಮೆಯೂ ಆಗದಿದ್ದರೆ ತಪ್ಪು, ಎರಡು ಸಲ ಆದರೂ ತಪ್ಪು. ಒಂದು ಪ್ರದೇಶದ ಎಲ್ಲ ಗುರಿಗಳಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯ ಎತ್ತರದ ತಪ್ಪು ಸಿಕ್ಕರೆ, ರನ್‌ವೇ ಪರೀಕ್ಷೆಯಲ್ಲಿ ವಿಮಾನ ತೇರ್ಗಡೆಯಾಗಿದ್ದರೆ, ನನ್ನ ಮೊದಲ ಅನುಮಾನ ಇದರ ಮೇಲೆ.

ಇನ್ನು ಡಿಜಿಟಲ್ ನಕ್ಷೆಗಳು. ಜಗತ್ತಿನ ಬಹುಭಾಗದ ನೆಲವನ್ನು ಒಂದೇ ಸಲ ಅಳೆದ ಬಾಹ್ಯಾಕಾಶ ನೌಕೆಯ ರೇಡಾರ್ ಯಾನ ನಡೆದದ್ದು 2000ದ ಫೆಬ್ರವರಿಯಲ್ಲಿ. ಅಂಥ ನಕ್ಷೆಗಳು ನೆಲವನ್ನು ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಒಂದೊಂದು ಎತ್ತರ ಬರೆಯುತ್ತವೆ. ಚೌಕ 30 ಮೀಟರ್ ಅಥವಾ 90 ಮೀಟರ್ ಅಗಲ. ಬಯಲಿಗೆ ಇದು ಧಾರಾಳ. ಚೂಪಾದ ಶಿಖರದಲ್ಲಿ ಮಾತ್ರ ತುದಿ ಸವೆದುಹೋಗುತ್ತದೆ, ಚೌಕದ ಸರಾಸರಿ ಶಿಖರಕ್ಕಿಂತ ಕೆಳಗಿರುತ್ತದೆ. 45 ಡಿಗ್ರಿ ಇಳಿಜಾರಿನಲ್ಲಿ ನಕ್ಷೆಯ ಮೇಲೆ 30 ಮೀಟರ್ ಪಕ್ಕದ ಬಿಂದು ಒತ್ತಿದರೆ ಎತ್ತರವೂ 30 ಮೀಟರ್ ಬದಲಾಗುತ್ತದೆ.

ಟೈಗರ್ ಹಿಲ್‌ನ ಪಾಠ

ಕಾರ್ಗಿಲ್ ಯುದ್ಧದಲ್ಲಿ, 1999ರ ಮೇ 26ರಂದು, ಭಾರತೀಯ ವಾಯುಪಡೆ ಆಪರೇಷನ್ ಸಫೇದ್ ಸಾಗರ್ ಆರಂಭಿಸಿತು. ಮರುದಿನ ಒಂದು ಮಿಗ್-21 ಮತ್ತು ಒಂದು ಮಿಗ್-27, ಅದರ ಮರುದಿನ ಒಂದು ಎಂಐ-17 ಹೆಲಿಕಾಪ್ಟರ್ ಕಳೆದುಹೋದವು. ಇಲ್ಲಿ ಗುರಿಯ ಎತ್ತರದ ಇನ್ನೊಂದು ಮುಖ ಕಾಣುತ್ತದೆ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ತಾನು ನಿಂತ ನೆಲದಿಂದ ಹತ್ತು ಸಾವಿರ ಅಡಿಗೂ ಮೇಲೆ ಏರಬಲ್ಲದು. ಆ ನೆಲವೇ 16,000 ಅಡಿಯಲ್ಲಿದ್ದರೆ 25,000 ಅಡಿಯಲ್ಲಿ ಹಾರುವ ವಿಮಾನವೂ ಅದರ ಕೈಗೆಟಕುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಆಕಾಶದಲ್ಲಿರುವವನು ಗುರಿಯ ಲೆಕ್ಕದಲ್ಲಿ ಮಾಳಿಗೆಯ ಮೇಲಿರುತ್ತಾನೆ.

ಗಾಳಿಯೂ ಅಲ್ಲಿ ತೆಳು. 15,000 ಅಡಿಯಲ್ಲಿ ವೇಗಮಾಪಕ ತೋರಿಸುವುದಕ್ಕಿಂತ ನಿಜವಾದ ವೇಗ ಸುಮಾರು ಕಾಲು ಭಾಗ ಹೆಚ್ಚು. ಅದೇ ವೇಗ ಎಂದುಕೊಂಡು ಇಳಿದವನಿಗೆ ಮೇಲೇಳಲು ಬೇಕಾದ ವೃತ್ತ ಸಮುದ್ರಮಟ್ಟಕ್ಕಿಂತ ಸುಮಾರು ಒಂದೂವರೆ ಪಟ್ಟು. ಗುರಿಯ ಎತ್ತರವನ್ನು 400 ಅಡಿ ಕಡಿಮೆ ನಂಬಿದವನು ಬಾಂಬನ್ನು ತಪ್ಪಾಗಿ ಹಾಕುವುದಷ್ಟೇ ಅಲ್ಲ, ಮೇಲೇಳಬೇಕಾದ ಎತ್ತರವನ್ನೂ 400 ಅಡಿ ಕೆಳಗೆ ಇಟ್ಟುಕೊಂಡಿರುತ್ತಾನೆ. ಸಿಮ್ಯುಲೇಟರಿನಲ್ಲಿ ಇದಕ್ಕೆ ಶಿಕ್ಷೆ ಮತ್ತೆ ಮೊದಲಿನಿಂದ ಶುರು ಮಾಡುವುದು ಮಾತ್ರ.

ಜೂನ್ 24ರಂದು ಮಿರಾಜ್ 2000 ವಿಮಾನಗಳು ಟೈಗರ್ ಹಿಲ್ ಮೇಲೆ ಲೇಸರ್ ಬಾಂಬು ಹಾಕಿದವು. ಲೇಸರ್ ಬಾಂಬು ಬೆಳಕಿನ ಚುಕ್ಕೆಯನ್ನೇ ಹಿಂಬಾಲಿಸುವುದರಿಂದ ಕೊನೆಯ ಕೆಲವು ಸೆಕೆಂಡುಗಳಲ್ಲಿ ಎತ್ತರದ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗೆಂದು ಬಿಡುವ ಜಾಗವನ್ನು ಮನಸ್ಸಿಗೆ ಬಂದಂತೆ ಆರಿಸಲಾಗದು, ಚುಕ್ಕೆ ಅದರ ನೋಟದೊಳಗೆ ಇರಬೇಕು. ಚೂಪಾದ ಏಣಿನ ಮೇಲೆ ಮಾರ್ಗದರ್ಶನವಿಲ್ಲದ ಬಾಂಬಿನ ಪಾಡು ಬೇರೆ. ಹತ್ತು ಮೀಟರ್ ಆಚೆ ಹೋದರೆ ಅದು ಹತ್ತು ಮೀಟರ್ ದೂರದಲ್ಲಿ ಸಿಡಿಯುವುದಿಲ್ಲ, ಆಚೆ ಬದಿಯ ಇಳಿಜಾರಿನಲ್ಲಿ ಎಲ್ಲೋ ಕೆಳಗೆ ಸಿಡಿಯುತ್ತದೆ. ಆದ್ದರಿಂದ ಏಣಿನ ಉದ್ದಕ್ಕೂ ಬರುವ ದಾರಿಯಿದ್ದರೆ ಅಡ್ಡಲಾಗಿ ಬರಬೇಡಿ. ಎತ್ತರದ ತಪ್ಪು ಬಂದ ದಾರಿಯ ಮೇಲೆಯೇ ಹಿಂದೆ ಮುಂದೆ ಆಗುವುದರಿಂದ ಬಾಂಬು ಏಣಿನ ಮೇಲೆಯೇ ಉಳಿಯುತ್ತದೆ. ಒಂದೇ ಎಚ್ಚರಿಕೆ: ಏಣಿನ ಮೇಲೆ ಆಚೆಯೋ ಈಚೆಯೋ ನಮ್ಮವರೇ ಇದ್ದರೆ ಈ ಸಲಹೆಯನ್ನು ಮರೆತು ಅಡ್ಡ ದಾರಿಯನ್ನೇ ಹಿಡಿಯಬೇಕು.

ಹುಡುಗ ಆ ರಾತ್ರಿಯೇ 8,300 ತುಂಬಿ ಮತ್ತೆ ಹಾರಿದ. ಹನ್ನೊಂದೂವರೆಗೆ ಇನ್ನೊಂದು ಫೋನ್. "ಸರ್, ಈಗ ಈಚೆಯೂ ಇಲ್ಲ, ಆಚೆಯೂ ಇಲ್ಲ. ಆದರೆ ಹತ್ತು ಹನ್ನೆರಡು ಮೀಟರ್ ಬಲಕ್ಕೆ ಬೀಳುತ್ತಿದೆ." ಎದುರು ದಿಕ್ಕಿನಿಂದ ಬಂದು ನೋಡು ಎಂದೆ. ಐದು ನಿಮಿಷ ಬಿಟ್ಟು ಎಡಕ್ಕೆ ಬಿತ್ತು ಎಂದ. ನಕ್ಷೆಯ ಮೇಲೆ ಎರಡೂ ಪೂರ್ವಕ್ಕೇ. ಪಡುವಣ ಗಾಳಿಯ ಲೆಕ್ಕ ಎಲ್ಲೋ ತಪ್ಪಿದೆ, ಅದನ್ನು ನಾಳೆ ನೋಡೋಣ ಎಂದು ಫೋನ್ ಇಟ್ಟೆ.